ಬ್ರಿನ್ ಹೀರ್‌ನ ಇಡ್ವಾಲ್ ಕುರಿ ಹಿಡಿದು ನಿಂತದ್ದು

ನಮ್ಮ ಕಣಿವೆಯಲ್ಲಿ ಮನುಷ್ಯನನ್ನು ಗುರುತಿಸುವುದು ಅವನ ಹೊಲಮನೆಯ ಹೆಸರಿನಿಂದ. ಇಡ್ವಾಲ್ ಹಂಫ್ರೀಸ್ ಅಂದರೆ ಅಂಚೆಯವಳೂ ಒಂದು ಕ್ಷಣ ಯೋಚಿಸಬೇಕು. ಇಡ್ವಾಲ್ ಬ್ರಿನ್ ಹೀರ್ ಅಂದರೆ ಸಾಕು, ಹಾದಿಯಲ್ಲಿ ಹೋಗುವವರೂ ನಿಂತು ಅವನ ದನಗಳ ಬಗ್ಗೆ ಎರಡು ಮಾತು ಆಡಿ ಹೋಗುತ್ತಿದ್ದರು. ಆಡುತ್ತಿದ್ದರು ಅನ್ನಬೇಕು, ಯಾಕೆಂದರೆ ಈಗ ಅಲ್ಲಿ ದನಗಳಿಲ್ಲ.

ಇಡ್ವಾಲನಿಗೆ ಅರವತ್ತೊಂದು ವರ್ಷ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಹಾಲು ಕರೆಯೋ ಹೊತ್ತಿಗೆ ಚರ್ಚಿಗೆ ಯಾರು ಹೋಗ್ತಾರೆ" ಅನ್ನುತ್ತಿದ್ದ. ಅಕ್ಕ ನೆಸ್ಟಾ ಗಂಡ ಸತ್ತ ಮೇಲೆ ತವರಿಗೇ ಬಂದು ಅವನಿಗೆ ಅನ್ನ ಬೇಯಿಸಿ ಹಾಕುತ್ತಿದ್ದಳು, ಬೈಯುತ್ತಲೂ ಇದ್ದಳು. ಕೆಂಪು ಬಿಳಿ ಮಚ್ಚೆಯ ಏರ್‌ಶೈರ್ ಹಸುಗಳು ಅವನವು, ನಲವತ್ತಮೂರು. ಪ್ರತಿ ಆಗಸ್ಟ್‌ನಲ್ಲೂ ಹೊಳೆ ಬದಿಯ ಮೈದಾನದಲ್ಲಿ ನಡೆಯುವ ಪ್ರದರ್ಶನಕ್ಕೆ ಅವುಗಳಲ್ಲಿ ಐದಾರನ್ನು ಕರೆದುಕೊಂಡು ಹೋಗುತ್ತಿದ್ದ. ಬಿಳಿ ಕೋಟು ತೊಟ್ಟು, ಹಗ್ಗದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹಸುವಿನ ತಲೆಯನ್ನು ಆಕಾಶದ ಕಡೆ ಎತ್ತಿಸಿ ನಡೆಸುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ಹಸು ಹೇಗೇ ಇರಲಿ, ಇಡ್ವಾಲ್ ಹಿಡಿದರೆ ಅದು ರಾಣಿಯಂತೆ ಕಾಣುತ್ತಿತ್ತು. ಮಾತುಗಾರನಲ್ಲ. ಅವನ ಕೈ ಮಾತಾಡುತ್ತಿತ್ತು.

ಹೋದ ವರ್ಷದ ಜೂನ್‌ನಲ್ಲಿ ಸರ್ಕಾರದ ಪಶುವೈದ್ಯರು ಬಂದು ದನಗಳ ಕುತ್ತಿಗೆಗೆ ಸೂಜಿ ಹಾಕಿ, ಮೂರು ದಿನ ಬಿಟ್ಟು ಬಂದು ತಡವಿ ನೋಡಿದರು. ಕ್ಷಯ. ಮೊದಲು ಹನ್ನೊಂದು, ಆಮೇಲೆ ಇನ್ನಷ್ಟು, ಕೊನೆಗೆ ಇಡೀ ಕೊಟ್ಟಿಗೆಯೇ ಕಸಾಯಿಖಾನೆಗೆ ಹೋಗಲೇಬೇಕು ಅಂತಾಯಿತು. ವೈದ್ಯೆ ಒಳ್ಳೆಯ ಹುಡುಗಿ, ಅಳು ನುಂಗಿಕೊಂಡು ಹೇಳಿದಳು. ಇಡ್ವಾಲ್ ಅವಳಿಗೇ ಚಹಾ ಕೊಟ್ಟು ಸಮಾಧಾನ ಮಾಡಿದ. ಲಾರಿಗಳು ಬಂದ ಬೆಳಿಗ್ಗೆ ಬೇರೆಯವರು ದನ ಮುಟ್ಟುವುದು ಬೇಡ ಅಂದು, ಒಂದೊಂದಕ್ಕೂ ಹಗ್ಗ ಹಾಕಿ, ತಲೆ ಎತ್ತಿಸಿ, ತಾನೇ ಹಲಗೆ ಹತ್ತಿಸಿದ. ನಲವತ್ತಮೂರನ್ನೂ. ಲಾರಿಯವನು ಟೋಪಿ ತೆಗೆದು, "ಇಪ್ಪತ್ತು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು, ದನ ಇಷ್ಟು ಸುಮ್ನೆ ಹತ್ತಿದ್ದು ನೋಡಿಲ್ಲ" ಅಂದ. ಅವನು ಮೆಚ್ಚಿಯೇ ಅಂದದ್ದು, ತಪ್ಪೇನಿಲ್ಲ.

ಅವತ್ತು ಮಧ್ಯಾಹ್ನ ಇಡ್ವಾಲ್ ಕೊಟ್ಟಿಗೆ ತೊಳೆದ. ಊಟ ಮಾಡಿದ. ನೆಸ್ಟಾ ಅತ್ತಳು. "ಹೋಗ್ಲಿ ಬಿಡು ನೆಸ್ಟಾ, ದನ ತಾನೆ," ಅಂದ.

ಅಲ್ಲಿಂದ ಹದಿನಾಲ್ಕು ತಿಂಗಳು ಅವನಿಗೆ ಏನೂ ಅನ್ನಿಸಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದಕ್ಕೆ ಏನಿಲ್ಲ. ಹೆಚ್ಚು ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆ ಜೋಮು ಹಿಡಿದಿತ್ತು, ಬಿಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಗೋರಿಯ ಕಡೆ ಒಂದು ಶವ ಹೊತ್ತ, ಮದುವೆಯೊಂದಕ್ಕೆ ಹೋಗಿ ಕೇಕು ತಿಂದ, ಎರಡೂ ಅವನಿಗೆ ಒಂದೇ ಆಗಿತ್ತು. ಊರವರು ಮೊದಮೊದಲು ಬಂದು ಭುಜ ತಟ್ಟಿ, ಮುಂದೆ ಎಲ್ಲ ಸರಿಹೋಗುತ್ತೆ ಅಂತ ಹೇಳಿ ಬಿಸ್ಕತ್ತು ತಿಂದು ಹೋದರು. ಸರಿಹೋಗಲಿಲ್ಲ ಅಂತ ಗೊತ್ತಾದ ಮೇಲೆ ಬರುವುದು ಬಿಟ್ಟರು. ಜನರೇ ಹಾಗೆ. ಹಸುಗಳ ಹೆಸರನ್ನು ಮಾತ್ರ ಅವನು ಒಂದು ಸಲವೂ ಬಾಯಿಗೆ ತರಲಿಲ್ಲ. ನೆಸ್ಟಾ ತಂದರೆ ಎದ್ದು ಹೊರಗೆ ಹೋಗುತ್ತಿದ್ದ. ಅವಳಿಗೆ ಹೆದರಿಕೆಯಿದ್ದದ್ದು ಅದೊಂದೇ. ತಮ್ಮ ಬೈದರೆ, ಕುಡಿದರೆ, ತಟ್ಟೆ ಎಸೆದರೆ ನಿಭಾಯಿಸಬಲ್ಲೆ, ಈ ಸುಮ್ಮನಿರುವುದನ್ನು ಏನು ಮಾಡಲಿ ಅಂತ ಅವಳ ಸಂಕಟ.

ಖಾಲಿ ಬಿದ್ದ ಹುಲ್ಲುಗಾವಲಿನಲ್ಲಿ ನೆರೆಯ ಎಲ್ವಿನ್ ತನ್ನ ಕುರಿ ಬಿಟ್ಟಿದ್ದ. ಎಲ್ವಿನ್ ಪೆನ್‌ಪಾಂಟ್ ಇಡ್ವಾಲನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಹುಟ್ಟಾ ಕುರಿಯವನು, ಬಾಯಿಗೆ ಬಿಡುವಿಲ್ಲದವನು. ಹುಲ್ಲಿನ ಬಾಬ್ತು ಆರು ಮರಿ ಇಟ್ಟುಕೋ ಅಂತ ಬಿಟ್ಟುಹೋದ. ಬೆಟ್ಟದ ಕುರಿಯ ಕಡೆಯಿಂದ ಗಟ್ಟಿತನ, ಟೆಕ್ಸೆಲ್ ತಳಿಯ ಟಗರಿನ ಕಡೆಯಿಂದ ತುಂಬು ತೊಡೆ, ಹೀಗೆ ಎರಡು ಮೂರು ಜಾತಿ ಬೆರೆತ ಮಿಶ್ರತಳಿಯವು. ಅವುಗಳಲ್ಲಿ ಒಂದು ಹೆಣ್ಣುಮರಿ, ಮೂಗಿನ ಮೇಲೆ ಬೂದು ಚುಕ್ಕೆ ಇದ್ದದ್ದು, ಇಡ್ವಾಲ್ ಬೇಲಿಗೆ ಒರಗಿ ನಿಂತರೆ ಬಂದು ಅವನ ಪ್ಯಾಂಟಿಗೆ ತಲೆ ಉಜ್ಜುತ್ತಿತ್ತು. ಅದಕ್ಕೆ ಅವನು ಹೆಸರಿಡಲಿಲ್ಲ.

ಆದರೆ ನಾಲ್ಕೂವರೆಗೆ ಎಚ್ಚರವಾಗುವ ಅಭ್ಯಾಸ ಹೋಗಿರಲಿಲ್ಲ. ಕರೆಯಲು ಹಸುವಿಲ್ಲ, ಮಲಗಲು ನಿದ್ದೆಯಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಬೆಳಗಿನ ಜಾವ ಗೂಟದಲ್ಲಿದ್ದ ಕರುವಿನ ಹಗ್ಗ ತೆಗೆದು ಆ ಮರಿಯ ತಲೆಗೆ ಹಾಕಿ ದಾರಿಗುಂಟ ನಡೆಸಿದ. ಮಾರನೆಯ ದಿನವೂ ನಡೆಸಿದ. ತಿಂಗಳಾಗುವಷ್ಟರಲ್ಲಿ ಅದು ಹಗ್ಗ ಎಳೆಯದೆ ಅವನ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿತ್ತು. ಕುರಿಯನ್ನು ಯಾರೂ ಹಾಗೆ ನಡೆಸುವುದಿಲ್ಲ, ಕುರಿಯ ಪೈಪೋಟಿಯಲ್ಲಿ ನಡೆಸುವ ಮಾತೇ ಇಲ್ಲ, ಗದ್ದಕ್ಕೆ ಕೈ ಕೊಟ್ಟು ನಿಲ್ಲಿಸಿದರೆ ಮುಗಿಯಿತು. ಇಡ್ವಾಲನಿಗೆ ಅದೆಲ್ಲ ಗೊತ್ತಿರಲಿಲ್ಲ. ಕಿಟಕಿಯಿಂದ ನೋಡಿದ ನೆಸ್ಟಾಳಿಗೆ ಅಷ್ಟೇ ಸಾಕಾಯಿತು. ಜುಲೈಯಲ್ಲಿ ಪ್ರದರ್ಶನದ ಪಟ್ಟಿ ಬಂದಾಗ ಅದನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದಳು.

"ಈ ವರ್ಷ ಆ ಮರೀನ ಕರ್ಕೊಂಡು ಹೋಗು, ಇಡ್ವಾಲ್ ಬಾಖ್." ಬಾಖ್ ಅಂದರೆ ಮುದ್ದಿನ ಮಾತು, ಅವನು ಮೂರು ವರ್ಷದವನಿದ್ದಾಗಿನಿಂದ ಅವಳು ಅದನ್ನು ಬಿಟ್ಟಿಲ್ಲ.

"ಕುರಿ ಬಗ್ಗೆ ನಂಗೇನು ಗೊತ್ತು?"

"ಏನೂ ಗೊತ್ತಿಲ್ಲ. ಹೋಗಿ ಕೊನೇಲಿ ನಿಂತ್ಕೊಂಡು ಬಾ. ಅಲ್ಲಿ ಬ್ರೆಡ್ ಪೈಪೋಟೀಲಿ ನಂದು ಪ್ರತಿ ವರ್ಷ ಕೊನೇಲೇ ನಿಲ್ಲುತ್ತೆ, ನಾನೇನು ಸತ್ತಿದೀನಾ?"

ಅವನು ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದ. ಮಿಶ್ರತಳಿಗೆ ಎರಡು ವಿಭಾಗ. ಒಂದರಲ್ಲಿ ಹೆಣ್ಣುಮರಿಗಳ ಜೋಡಿ ಬೇಕು, ಎರಡೂ ಅವಳಿಯಂತೆ ಹೊಂದಬೇಕು. ಅವನ ಹತ್ತಿರ ಹೊಂದುವ ಜೋಡಿ ಇರಲಿಲ್ಲ. ಇನ್ನೊಂದರಲ್ಲಿ ಒಂದೇ ಮರಿ ಸಾಕು: ಕಟುಕರ ಮರಿ, ಯಾವ ಮಿಶ್ರತಳಿಯಾದರೂ ಸರಿ. ಕಟುಕರ ಮರಿ ಅಂದರೆ ಮಾಂಸದ ತಳಿ ಇರಬೇಕು ಅಂದುಕೊಂಡು ಅದರ ಮುಂದೆ ಗುರುತು ಹಾಕಿ ಕಳಿಸಿದ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಓದಲಿಲ್ಲ. ದನದವರಿಗೆ ಇದು ಹೊಳೆಯುವುದೇ ಇಲ್ಲ. ಪ್ರದರ್ಶನಕ್ಕೆ ಹೋದ ಹಸು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರುತ್ತದೆ.

ಆಗಸ್ಟ್‌ನ ಆ ಶನಿವಾರ ಬೆಳಿಗ್ಗೆ ಎಲ್ವಿನ್ ತನ್ನ ಮರಿಗಳನ್ನು ಇಳಿಸಿ, ಪಕ್ಕದ ಕಟಕಟೆಯ ಕಡೆ ತಿರುಗಿ ನೋಡಿದವನು ಬಾಯಿ ತೆರೆದುಕೊಂಡೇ ನಿಂತ. ಇಡ್ವಾಲ್ ಹಸು ತೊಳೆಯುವ ಶಾಂಪೂ ಹಾಕಿ ಮರಿಯನ್ನು ಮೂರು ಸಲ ಉಜ್ಜಿ ತೊಳೆದಿದ್ದ. ಉಣ್ಣೆ ಒಗೆದ ದಿಂಬಿನಂತೆ ಉಬ್ಬಿ ನಿಂತಿತ್ತು. ಮೇಲಾಗಿ ಹಸುವಿನ ಕೂದಲು ಕತ್ತರಿಸುವ ಯಂತ್ರದಿಂದ ಬೆನ್ನು ಸಮ ಮಾಡಲು ಹೋಗಿ ಸೊಂಟದ ಹತ್ತಿರ ಮೆಟ್ಟಿಲಿನಂತೆ ಒಂದು ಗುರುತು ಬಿದ್ದಿತ್ತು.

"ಏನ್ ಮಾರಾಯ ಇದು, ಕುರೀನೋ ಮದ್ವೆ ಹೆಣ್ಣೋ?" ಅಂದ ಎಲ್ವಿನ್. "ಉಣ್ಣೇಲಿ ಜಿಡ್ಡು ಇರ್ಬೇಕು ಕಣೋ. ಜಿಡ್ಡಿದ್ರೆ ತಾನೆ ಕೈಗೆ ಗಟ್ಟಿ ಸಿಗೋದು! ಎಲ್ಲ ತೊಳ್ದು ಹಾಕಿದೀಯ. ಒಂದ್ ಮಾತು ಕೇಳೋಕೆ ನಿನ್ ಗಂಟೇನ್ ಹೋಗ್ತಿತ್ತು?"

"ಕೊನೇಲಿ ನಿಂತ್ಕೊಳ್ಳೋಕೆ ಬಂದಿದೀನಿ."

"ಕೊನೇಲಾ?" ಎಲ್ವಿನ್ ಕಟಕಟೆಯೊಳಗೆ ಕಾಲಿಟ್ಟು, ಮರಿಯ ಬೆನ್ನಿನ ಮೇಲೆ ಕೈ ಇಟ್ಟ. ಒತ್ತಿದ. ತೊಡೆ ಹಿಡಿದು ನೋಡಿದ. ಅವನ ನಗೆ ನಿಂತಿತು. "ಅಯ್ಯೋ ನನ್ ಕರ್ಮ. ಇದು ನಾನ್ ಕೊಟ್ಟ ಮರೀನಾ? ನಡ್ಸಿ ನಡ್ಸಿ ಮೈಯೆಲ್ಲ ಕಲ್ಲು ಮಾಡಿದೀಯಲ್ಲೋ. ಇವತ್ತು ನನ್ನ ಮರೀಗೂ ಇದಕ್ಕೂ ಬೀಳುತ್ತೆ ಜಟಾಪಟಿ." ಆಮೇಲೆ ತಲೆ ಕೆರೆದುಕೊಂಡು, "ಹೆಣ್ಮರಿ. ಇಂಥ ಮೈಕಟ್ಟಿನದು. ಮುಂದಕ್ಕೆ ಮರಿ ಹಾಕ್ಸೋಕೆ ಇಟ್ಕೊಳ್ದೆ ಇದನ್ಯಾಕೆ ಕಟುಕರ ವಿಭಾಗಕ್ಕೆ ಹಾಕ್ದೆ?" ಅಂದ.

"ಒಂದೇ ಇತ್ತು. ಇನ್ನೊಂದಕ್ಕೆ ಜೋಡಿ ಕೇಳಿದ್ರು."

"ಗೆದ್ದ ಮರೀನ ಮಧ್ಯಾಹ್ನ ಇಲ್ಲೇ ಹರಾಜು ಹಾಕ್ತಾರೆ, ಗೊತ್ತು ತಾನೆ? ಹೆಲಿಕಾಪ್ಟರ್ ಆಂಬುಲೆನ್ಸಿಗೆ ದುಡ್ಡು. ಕಟುಕರು ತಗೋತಾರೆ, ಸೋಮವಾರ ಅಂಗಡೀಲಿ ನೇತಾಡುತ್ತೆ, ಪಕ್ಕದಲ್ಲಿ ರಿಬ್ಬನ್ನು. ನಲವತ್ತು ವರ್ಷದಿಂದ ಹೀಗೇ."

ಇಡ್ವಾಲನ ಕೈ ಮರಿಯ ತಲೆಯ ಮೇಲೆ ಹೋಗಿ ನಿಂತಿತು. ಎಲ್ವಿನ್‌ಗೆ ಈಗ ಅರ್ಥವಾಯಿತು. ಬಾಯಿಹರುಕನಾದರೂ ಕೆಟ್ಟವನಲ್ಲ. ದನಿ ಇಳಿಸಿ, "ನಿಂಗೆ ಗೊತ್ತಿರ್ಲಿಲ್ಲ" ಅಂದ. "ವಾಪಸ್ ತಗೊಳ್ಳೋದು ಈಗ ಆಗಲ್ಲ ಕಣೋ ಇಡ್ವಾಲ್. ತೂಕ ಆಗೋಗಿದೆ, ಹೆಸರು ಬರ್ದಾಗಿದೆ. ಮೇಲಾಗಿ..." ಅಂತ ನಿಲ್ಲಿಸಿದ. ಮೇಲಾಗಿ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ನೆಸ್ಟಾ ಎದೆ ಹಿಡಿದುಕೊಂಡು ಅಂಗಳದಲ್ಲಿ ಬಿದ್ದಾಗ ಬಂದು ಎತ್ತಿಕೊಂಡು ಹೋದದ್ದು ಅದೇ ಹೆಲಿಕಾಪ್ಟರ್. ಬ್ರಿನ್ ಹೀರ್‌ನವನು ಅದಕ್ಕೆ ಒಂದು ಕುರಿ ಕೊಡಲು ಹಿಂದೆಗೆದ ಅಂದರೆ ಊರು ಏನನ್ನುತ್ತದೆ?

"ಹೋಗ್ಲಿ ಬಿಡು," ಅಂದ ಇಡ್ವಾಲ್. "ಕುರಿ ತಾನೆ."

ತನ್ನ ಬಾಯಿಂದ ಬಂದ ಮಾತು ಅವನಿಗೇ ಎಲ್ಲೋ ಕೇಳಿದಂತಿತ್ತು. ಬಿಳಿ ಕೋಟು ತೊಟ್ಟ. ಜೇಬಿಗೆ ಕೈ ಹೋದಾಗ ಹಸುವಿನ ಬಾಲ ಬಾಚುವ ತಗಡಿನ ಹಣಿಗೆ ಸಿಕ್ಕಿತು, ಹಲ್ಲಿನ ಸಂದಿಯಲ್ಲಿ ಕೆಂಪು ಕೂದಲು. ಹಾಗೇ ಒಳಕ್ಕೆ ತಳ್ಳಿದ. ಏನೂ ಅನ್ನಿಸಲಿಲ್ಲ. ಕಟಕಟೆಯಲ್ಲಿ ಮರಿ ಅವನ ಪ್ಯಾಂಟಿಗೆ ತಲೆ ಉಜ್ಜುತ್ತಾ ನಿಂತಿತ್ತು.

ಹನ್ನೊಂದಕ್ಕೆ ಅಖಾಡದ ಮೇಲ್ವಿಚಾರಕಿ ಕೂಗಿದಳು. ಆರು ಜನ ಆರು ಮರಿ ಹಿಡಿದು ಸಾಲಾಗಿ ನಿಂತರು. ಐವರು ತಮ್ಮ ಮರಿಗಳನ್ನು ದೂಡಿಕೊಂಡು, ಎಳೆದುಕೊಂಡು, ಬೈದುಕೊಂಡು ತಂದರು. ಇಡ್ವಾಲ್ ಹಗ್ಗ ಎರಡು ಬೆರಳಲ್ಲಿ ಹಿಡಿದು ನಡೆದು ಬಂದ, ಮರಿ ಪಕ್ಕದಲ್ಲಿ ಹೆಜ್ಜೆ ಹಾಕಿ ಬಂತು. ಬೇಲಿಯ ಹೊರಗಿದ್ದವರು ನಕ್ಕರು. ಯಾರೋ, "ಹಾಲು ಎಷ್ಟು ಕೊಡುತ್ತೆ ಇಡ್ವಾಲ್?" ಅಂದರು. ನಕ್ಕವರಲ್ಲಿ ಕೆಲವರು ತಕ್ಷಣ ನಗುವುದು ನಿಲ್ಲಿಸಿ ಹುಲ್ಲು ನೋಡಿದರು.

ತೀರ್ಪುಗಾರ ಮೆರ್ಫಿನ್, ಪಕ್ಕದ ಪೇಟೆಯ ಕಟುಕ. ಎಪ್ಪತ್ತು ದಾಟಿದವನು, ಬೆರಳುಗಳು ಗಂಟುಗಟ್ಟಿದ್ದರೂ ಅವುಗಳಿಗೆ ಕಣ್ಣಿತ್ತು. ಈ ವಿಭಾಗದಲ್ಲಿ ಚೆಂದ ಯಾರೂ ನೋಡುವುದಿಲ್ಲ. ಉಣ್ಣೆಯ ಒಳಗೆ ಕೈ ಇಳಿಸಿ ಬೆನ್ನಿನ ಮಾಂಸ ಎಷ್ಟು ತುಂಬಿದೆ, ಕೊಬ್ಬು ಎಷ್ಟು ತೆಳು, ಅಷ್ಟೇ. ಮರಿಯ ತಲೆ ಎತ್ತಿ, ನಾಲ್ಕು ಕಾಲು ಚೌಕವಾಗಿ ಊರಿಸಿ ನಿಲ್ಲಿಸಿದರೆ ಮೈ ಬಿಗಿಯುತ್ತದೆ, ಕೈಗೆ ಗಟ್ಟಿ ಸಿಗುತ್ತದೆ. ತಲೆ ಇಳಿಬಿಟ್ಟು ಒಂದು ಕಾಲು ಸಡಿಲಿಸಿದರೆ ಅದೇ ಬೆನ್ನು ಹಳೇ ಹಾಸಿಗೆಯ ಹಾಗೆ ಸಿಗುತ್ತದೆ. ಹಿಡಿಯುವವನ ಕೈಯಲ್ಲಿ ಇರುವುದು ಅಷ್ಟೇ, ಆದರೆ ಅದು ಕಡಿಮೆಯೇನಲ್ಲ.

ಮೊದಲ ಸುತ್ತು. ಮೆರ್ಫಿನ್ ಬಂದಾಗ ಇಡ್ವಾಲನ ಕೈ ತಾನಾಗಿಯೇ ಮೇಲೆದ್ದು ಮರಿಯ ಗದ್ದ ಎತ್ತಿತು. ನಲವತ್ತು ವರ್ಷದ ಕೈ, ಯಾರನ್ನೂ ಕೇಳುವುದಿಲ್ಲ. ಮರಿ ಹಿಂಗಾಲು ಊರಿ ಬಿಗಿಯಾಗಿ ನಿಂತಿತು. ಮೆರ್ಫಿನ್‌ನ ಬೆರಳುಗಳು ಬೆನ್ನಿಗುಂಟ ಇಳಿದು, ಸೊಂಟದಲ್ಲಿ ನಿಂತು, ಮತ್ತೆ ಹಿಂದಕ್ಕೆ ಬಂದವು. ಹುಬ್ಬು ಏರಿತು. ಮುಂದಿನ ಮರಿಯ ಕಡೆ ಹೋದ. ಆರು ಮುಗಿಸಿ ಬಂದು ನಾಲ್ವರನ್ನು ಹಿಂದಕ್ಕೆ ಕಳಿಸಿದ. ಎಲ್ವಿನ್‌ನ ಗಂಡುಮರಿ, ಇಡ್ವಾಲನ ಹೆಣ್ಣುಮರಿ, ಎರಡೇ ಉಳಿದವು.

ಬೇಲಿಯ ಹೊರಗೆ ಜನ ಸೇರಿದರು. ನೆಸ್ಟಾ ಬ್ರೆಡ್ಡಿನ ಡಬ್ಬಿ ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದಳು, ಅವಳ ಮುಖದಲ್ಲಿ ಹೆಮ್ಮೆ. ಅವಳಿಗೂ ಹರಾಜಿನ ವಿಷಯ ಗೊತ್ತಿರಲಿಲ್ಲ. ಮೈದಾನದಾಚೆ, ವಾಹನಗಳು ನಿಂತ ಕಡೆ, ಒಂದು ಲಾರಿ ಹಿಂದಕ್ಕೆ ಸರಿಯುವ ಸದ್ದು ಬಂತು. ಹಲಗೆ ನೆಲಕ್ಕೆ ಬಿತ್ತು. ಇಡ್ವಾಲ್ ಆ ಕಡೆ ತಿರುಗಲಿಲ್ಲ. ಕೈಯೊಳಗಿದ್ದ ಮರಿಯ ಗದ್ದ ಬೆಚ್ಚಗಿತ್ತು. ಅದು ಏನನ್ನೋ ಮೆಲುಕು ಹಾಕುತ್ತಿತ್ತು, ದವಡೆ ಅವನ ಅಂಗೈಯಲ್ಲಿ ಆಡುತ್ತಿತ್ತು. ಎತ್ತಿದರೆ ಎತ್ತಿಸಿಕೊಳ್ಳುತ್ತದೆ. ಎಷ್ಟು ಎತ್ತಿದರೆ ಅಷ್ಟು. ಯಾಕೆ ಅಂತ ಕೇಳುವುದಿಲ್ಲ.

ಮೆರ್ಫಿನ್ ಎಲ್ವಿನ್‌ನ ಮರಿ ನೋಡಿ ಇತ್ತ ಬಂದ.

ಇಡ್ವಾಲ್ ಕೈ ತೆಗೆದ.

ಮರಿಯ ತಲೆ ಇಳಿಯಿತು. ಕಾಲಬುಡದಲ್ಲಿ ಹುಲ್ಲು ಕಂಡು ಬಾಯಿ ಹಾಕಿತು. ಒಂದು ಹಿಂಗಾಲು ಎತ್ತಿ ಸಡಿಲ ಬಿಟ್ಟಿತು. ಮೆರ್ಫಿನ್ ಬೆನ್ನಿಗೆ ಕೈ ಇಟ್ಟು, ತಲೆ ಎತ್ತದೆಯೇ, "ತಲೆ ಎತ್ತಿ ಹಿಡಿ, ಇಡ್ವಾಲ್" ಅಂದ. ಮೆಲ್ಲಗೆ ಅಂದ, ಮರೆತಿರಬೇಕು ಅಂದುಕೊಂಡು.

ಇಡ್ವಾಲ್ ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಮೆರ್ಫಿನ್ ಈಗ ನೆಟ್ಟಗೆ ನಿಂತು ಅವನ ಮುಖ ನೋಡಿದ. ಬಹಳ ಹೊತ್ತು ನೋಡಲಿಲ್ಲ. ಎಪ್ಪತ್ತು ವರ್ಷದ ಕಟುಕನಿಗೆ ಪ್ರಾಣಿ ಹಿಡಿದ ಮನುಷ್ಯರ ಮುಖ ಓದಲು ಬಾರದೇ ಇರುತ್ತದೆಯೇ? "ನೀನು ಹಿಡ್ಕೊಂಡಿದ್ರೆ ನಿಂದೇ ಇತ್ತು," ಅಂದ.

"ಗೊತ್ತು. ಹೆಲಿಕಾಪ್ಟರಿಗೆ ಉಳಿದ ಐದೂ ಕೊಡ್ತೀನಿ. ಇದು ಬೇಡ, ಮೆರ್ಫಿನ್."

ಮೆರ್ಫಿನ್ ಹೋಗಿ ಎಲ್ವಿನ್‌ನ ಮರಿಯ ಬೆನ್ನಿಗೆ ಪಟ್ಟನೆ ತಟ್ಟಿದ. ಹಾಗೆ ತಟ್ಟಿದರೆ ತೀರ್ಪಾಯಿತು ಅಂತ. ಚಪ್ಪಾಳೆ ಬಿತ್ತು. ಬೇಲಿಯಾಚೆ ಒಬ್ಬ, "ಮುದುಕ ಹಿಡಿಯೋದೇ ಮರ್ತುಬಿಟ್ಟ ಪಾಪ" ಅಂದದ್ದು ಎಲ್ಲರಿಗೂ ಕೇಳಿಸಿತು. ಕಣಿವೆಯಲ್ಲೆಲ್ಲ ಪ್ರಾಣಿ ಹಿಡಿಯುವುದರಲ್ಲಿ ಹೆಸರಾದವನ ಬಗ್ಗೆ ಆ ಮಾತು. ಇಡ್ವಾಲ್ ಎರಡನೆಯ ಸ್ಥಾನದ ನೀಲಿ ರಿಬ್ಬನ್ ತೆಗೆದುಕೊಂಡು, ಹಗ್ಗ ಎರಡು ಬೆರಳಲ್ಲಿ ಹಿಡಿದು ಹೊರಗೆ ನಡೆದ. ಕಾಲಿನ ಜೋಮು ಬಿಡುವಾಗ ಮುಳ್ಳು ಚುಚ್ಚಿದಂತಾಗುತ್ತದಲ್ಲ, ಅದು ಈಗ ಎದೆಯಲ್ಲಿ ಶುರುವಾಗಿತ್ತು. ಹಿತವಾಗಿರಲಿಲ್ಲ.

ಬೆಳಿಗ್ಗೆ ಗಾಡಿಯ ಹಲಗೆಯನ್ನು ಅವನ ಹಿಂದೆಯೇ ಟಕಟಕ ಹತ್ತಿದ್ದ ಮರಿ ಈಗ ಹಲಗೆಯ ಬುಡದಲ್ಲಿ ನಿಂತುಬಿಟ್ಟಿತು. ಹಗ್ಗ ಬಿಗಿಯಾಯಿತು. ಮರಿ ಅವನ ಮುಖ ನೋಡಿತು. ನಾಲಗೆ ಲೊಚಗುಟ್ಟಿ, ಗದ್ದಕ್ಕೆ ಒಂದು ಬೆರಳು ಕೊಟ್ಟರೆ ಹತ್ತಿಬಿಡುತ್ತಿತ್ತು, ಅವನಿಗೆ ಗೊತ್ತು. ಕೈ ಅರ್ಧ ಎದ್ದಿತ್ತು. ಹಗ್ಗ ಕೆಳಗೆ ಬಿಟ್ಟು ಅವನು ಹಲಗೆಯ ಮೇಲೆ ಕೂತುಬಿಟ್ಟ.

ನೆಸ್ಟಾ ಅಲ್ಲಿಗೆ ಬಂದಾಗ ಹಾಗೇ ಕೂತಿದ್ದ. "ಎರಡನೇದು ಬಂತಲ್ಲೋ! ಮೊದಲ್ನೇ ಸಲಕ್ಕೇ!" ಅಂತ ಬಂದವಳು ಅವನ ಮುಖ ನೋಡಿ ಡಬ್ಬಿ ಕೆಳಗಿಟ್ಟಳು. "ಏನಾಯ್ತು? ಮರಿ ಹತ್ತುತಿಲ್ವಾ?"

"ನಿಂತಿತ್ತು, ನೆಸ್ಟಾ."

"ಎಲ್ಲಿ ನಿಂತಿತ್ತು? ಇಲ್ಲೇ ನಿಂತಿದೆಯಲ್ಲ."

"ಸೆರೆನ್."

ನೆಸ್ಟಾ ಉಸಿರು ಬಿಗಿಹಿಡಿದಳು. ಸೆರೆನ್ ಅವರ ಕೊಟ್ಟಿಗೆಯ ಹಿರಿಯ ಹಸು, ಹಣೆಯಲ್ಲಿ ಬಿಳಿ ನಕ್ಷತ್ರ, ಐದು ಸಲ ಪದಕ ತಂದದ್ದು.

"ಅವತ್ತು ಎಲ್ಲಕ್ಕಿಂತ ಮುಂದೆ ಅವಳೇ. ಲಾರಿ ಹಲಗೆ ಮುಂದೆ ಬಂದು ನಿಂತ್ಬಿಟ್ಲು. ಹತ್ಲಿಲ್ಲ. ತಿರುಗಿ ನನ್ ಮುಖ ನೋಡಿದ್ಲು. ಲಾರಿಯವ್ನು ಕೋಲು ತಗೊಂಡ. ನಾನು ಬೇಡ ಅಂದೆ." ತನ್ನ ಅಂಗೈ ನೋಡಿಕೊಂಡ. "ನಾನು ಬಾಮ್ಮ ಅಂದೆ, ನೆಸ್ಟಾ. ಪ್ರದರ್ಶನದಲ್ಲಿ ಅಂತೀನಲ್ಲ, ಹಾಗೇ. ಗದ್ದ ಎತ್ತಿದೆ. ತಕ್ಷಣ ಹತ್ತಿದ್ಲು. ಅವಳು ಹತ್ತಿದ್ದು ನೋಡಿ ಮಿಕ್ಕವೂ ಹತ್ತಿದ್ವು. ಒಂದೂ ನಿಲ್ಲಲಿಲ್ಲ. ಕೋಲಲ್ಲಿ ಹೊಡ್ದು ಹತ್ತಿಸ್ಬೇಕಿತ್ತು ಅವನು. ನಾನು ಹತ್ತಿಸ್ಬಾರ್ದಿತ್ತು."

ಅಷ್ಟು ಹೇಳಿ ಅತ್ತ. ಅರವತ್ತೊಂದು ವರ್ಷದವನು, ಬಿಳಿ ಕೋಟು ತೊಟ್ಟುಕೊಂಡು, ಎಲ್ಲರ ಕಣ್ಣೆದುರು ಮೂಗು ಸುರಿಸಿಕೊಂಡು ಅತ್ತ. ಚಹಾ ಗುಡಾರಕ್ಕೆ ಹೋಗುತ್ತಿದ್ದ ಜನ ನೋಡಿಯೂ ನೋಡದಂತೆ ದಾಟಿದರು, ಈ ಸಲ ಅದು ಒಳ್ಳೆಯದೇ ಆಯಿತು. ನೆಸ್ಟಾ ಹಲಗೆಯ ಮೇಲೆ ಅವನ ಪಕ್ಕ ಕೂತಳು. ಸಮಾಧಾನ ಹೇಳಲಿಲ್ಲ. ಹದಿನಾಲ್ಕು ತಿಂಗಳಿಂದ ಇದಕ್ಕೇ ಕಾದಿದ್ದಳು.

ಅಳು ಇಳಿದ ಮೇಲೆ ಅವನು ಹಸುಗಳ ಹೆಸರು ಹೇಳತೊಡಗಿದ, ಲಾರಿ ಹತ್ತಿದ ಸಾಲಿನಲ್ಲಿ. ಸೆರೆನ್. ಕೋಖೆನ್. ಬ್ರಿಥೆನ್. ಬ್ರಿಥೆನ್‌ನ ಮಗಳು ಮೊರ್ವೆನ್. ಒಂದೊಂದು ಹೆಸರಿಗೂ ಮೂಗು ಒರೆಸಿಕೊಳ್ಳುತ್ತಿದ್ದ. ಇಪ್ಪತ್ತೇಳನೆಯದಕ್ಕೆ ಬಂದಾಗ ನೆನಪಾಗದೆ ತಡವರಿಸಿದ.

"ಒಂದು ಕೊಂಬು ಸೊಟ್ಟ ಇತ್ತಲ್ಲ, ಬಾಗಿಲು ಒದೀತಿತ್ತು," ಅಂದ.

"ಮಾಲ್ವೆನ್," ಅಂದಳು ನೆಸ್ಟಾ.

"ಹ್ಞಾ, ಮಾಲ್ವೆನ್," ಅಂದು ಮುಂದುವರಿದ. ನಲವತ್ತಮೂರು ಮುಗಿಯುವವರೆಗೂ ಮರಿ ಹಲಗೆಯ ಬುಡದಲ್ಲಿ ಹುಲ್ಲು ಮೇಯುತ್ತಿತ್ತು, ಅದನ್ನು ಯಾರೂ ಕದಲಿಸಲಿಲ್ಲ.